ಗಣೇಶಗುಡಿಗೆ ಹಕ್ಕಿ ನೋಡಲು ಯಾವಾಗ ಹೋಗಬೇಕು?

ನಾವು ಐದು ಜನ, ಎಲ್ಲರೂ ಹೊಸಬರು. ದಾಂಡೇಲಿ ಕಡೆ ಮಂಗಟ್ಟೆ (ಹಾರ್ನ್‌ಬಿಲ್) ನೋಡಬೇಕು ಅಂತ ಆಸೆ. ಗೈಡ್ ಬೇಕೇ ಬೇಕಾ, ಸುಮ್ನೆ ನಾವೇ ಸುತ್ತಿದರೆ ಸಾಲದಾ? ಕ್ಯಾಮೆರಾ ಇರುವುದು ಒಬ್ಬನ ಹತ್ತಿರ ಮಾತ್ರ.

ಉತ್ತರ 1: ಗೈಡ್ ತಗೊಳ್ಳಿ. ದಾಂಡೇಲಿ ಕಾಡಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ, ಆದರೆ ಯಾವ ಅತ್ತಿಮರ ಹಣ್ಣು ಬಿಟ್ಟಿದೆ ಅಂತ ಗೊತ್ತಿರುವುದು ಊರಿನವರಿಗೆ, ಹಣ್ಣಿದ್ದ ಕಡೆ ಹಕ್ಕಿ. ಮೊದಲ ಸಲ ನಾನು ಒಬ್ಬನೇ ಹೋಗಿ ಎರಡು ದಿನ ಬರೀ ರೆಕ್ಕೆ ಸದ್ದು ಕೇಳಿ ವಾಪಸ್ ಬಂದೆ! ಬೈನಾಕ್ಯುಲರ್ 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು, ಕ್ಯಾಮೆರಾಗಿಂತ ಅದು ಮುಖ್ಯ.

ಉತ್ತರ 2: ಬೇಸಿಗೆ ಒಳ್ಳೇದು. ಕಾಡಲ್ಲಿ ನೀರು ಕಮ್ಮಿ ಆದಾಗ ಗಣೇಶಗುಡಿಯ ಕಾಡಿನ ವಸತಿ ಓಲ್ಡ್ ಮ್ಯಾಗಜಿನ್ ಹೌಸ್‌ನ ನೀರಿನ ತೊಟ್ಟಿಗಳಿಗೆ ಸಣ್ಣ ಹಕ್ಕಿಗಳು ಸ್ನಾನಕ್ಕೆ ಬರ್ತವೆ. ಸುಮ್ಮನೆ ಕೂತರೆ ಸಾಕು.

ಉತ್ತರ 3: ಒಂದು ಮಾತು. ಆಗ ಗೂಡಿನ ಕಾಲವೂ ಹೌದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳು ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತೆ, ಗಂಡೇ ಹಣ್ಣು ತಂದು ಆ ಸೀಳಿನಿಂದ ಕೊಡಬೇಕು. ನಾವು ಮರದ ಕೆಳಗೆ ಗುಂಪುಗೂಡಿದರೆ ಅದು ಹತ್ತಿರ ಬರಲ್ಲ. ಫೋಟೊಗೋಸ್ಕರ ಗೂಡಿಗೆ ಕರ್ಕೊಂಡು ಹೋಗ್ತೀನಿ ಅನ್ನೋ ಗೈಡ್ ಬೇಡವೇ ಬೇಡ.

ಕೇಳಿದವರು: ಥ್ಯಾಂಕ್ಸ್ ಸರ್. ಮಾರ್ಚ್ ಅಂತ ಇಟ್ಕೊಂಡ್ವಿ.