ಸೈಫೈ ಸರಣಿಯಲ್ಲಿ ವಿಜ್ಞಾನ ಎಷ್ಟು, ಪಾತ್ರಗಳ ಕಥೆ ಎಷ್ಟು?

ಖಾಲಿಹಾಳೆ:
8 ಕಂತಿನ ಸರಣಿ, ಕಂತಿಗೆ 45 ನಿಮಿಷ. ತಾಯಿ ಮಂಗಳ ಗ್ರಹದ ನೆಲೆಯಲ್ಲಿ ಎಂಜಿನಿಯರ್, ಹದಿನೇಳರ ಮಗಳು ಭೂಮಿಯಲ್ಲಿ. ಒಂದು ಕಡೆ ಇವರಿಬ್ಬರ ಮುನಿಸು, ಇನ್ನೊಂದು ಕಡೆ ನೆಲೆಯ ಆಮ್ಲಜನಕ ಘಟಕ ಕೆಡುವ ಕಥೆ. ಮೊದಲೆರಡು ಕಂತಿನ ಚಿತ್ರಕಥೆಗೆ ‘ಪಾಠ ಕೇಳಿದ ಹಾಗಿದೆ’ ಅನ್ನೋ ದೂರು. 4–5ನೇ ಕಂತಿಗೆ ‘ಇದು ಯಾವ ಮನೆಯಲ್ಲಾದರೂ ನಡೆಯುವ ಜಗಳ, ಮಂಗಳ ಯಾಕೆ ಬೇಕಿತ್ತು?’ ಅನ್ನೋ ದೂರು. ದೃಶ್ಯಗಳನ್ನ ಅರ್ಧಕ್ಕರ್ಧ ಹಂಚಿದರೆ ಸರಿಹೋಗುತ್ತಾ?

ಮೂರನೇ ಅಂಕ:
ಹಂಚಬೇಡಿ. ಹಂಚಿದ ಕೂಡಲೇ ಅದು ಎರಡು ಸರಣಿ ಆಗುತ್ತೆ, ನೋಡುಗರು ತಮಗೆ ಬೇಕಾದ್ದು ಬರುವವರೆಗೆ ಮೊಬೈಲ್ ಹಿಡೀತಾರೆ. ಮುನಿಸು ಬೆಳೆಸುವ ಕೆಲಸವನ್ನ ವಿಜ್ಞಾನಕ್ಕೇ ಕೊಡಿ. ಅದಕ್ಕೆ ಬೇಕಾದ ಸರಕು ಆಗಲೇ ನಿಮ್ಮ ಕೈಯಲ್ಲಿದೆ.

ಭೂಮಿಯಿಂದ ಮಂಗಳಕ್ಕೆ ಸಂದೇಶ ಮುಟ್ಟೋಕೆ, ಎರಡೂ ಗ್ರಹ ತೀರಾ ಹತ್ತಿರ ಇದ್ದಾಗ ಸುಮಾರು 3 ನಿಮಿಷ, ತೀರಾ ದೂರ ಇದ್ದಾಗ ಸುಮಾರು 22 ನಿಮಿಷ. ಹತ್ತಿರದಿಂದ ದೂರಕ್ಕೆ ಸರಿಯೋಕೆ ಹೆಚ್ಚುಕಮ್ಮಿ 13 ತಿಂಗಳು. ಇಡೀ ಸೀಸನ್ನನ್ನ ಈ 13 ತಿಂಗಳ ಮೇಲೆ ಹರಡಿ. ಮೊದಲ ಕಂತಿನಲ್ಲಿ ವಿಳಂಬ 4 ನಿಮಿಷ, ತಡವರಿಸಿಕೊಂಡಾದರೂ ಮಾತಾಡಬಹುದು. 3ರಲ್ಲಿ 9, 5ರಲ್ಲಿ 16. 6ರ ಹೊತ್ತಿಗೆ 21, ಅಂದರೆ ಕೇಳಿದ ಪ್ರಶ್ನೆಗೆ ಉತ್ತರ ಬರೋಕೆ 42 ನಿಮಿಷ, ಹತ್ತಿರ ಹತ್ತಿರ ನಿಮ್ಮ ಒಂದು ಕಂತು. ತಾಯಿ ಮೊದಲ ದೃಶ್ಯದಲ್ಲೇ ಪ್ರಶ್ನೆ ಕೇಳಲಿ, ಉತ್ತರ ಕಂತು ಮುಗಿಯುವಾಗ ಬರಲಿ. ನಡುವೆ ಅಷ್ಟೂ ಹೊತ್ತು ಆಕೆಯ ಕೈ ಘಟಕದ ರಿಪೇರಿಯಲ್ಲಿರಲಿ. ಆಮೇಲೆ ಸೂರ್ಯ ನಡುವೆ ಬಂದಾಗ ಸುಮಾರು ಎರಡು ವಾರ ಸಂಪರ್ಕವನ್ನ ನೆಚ್ಚೋ ಹಾಗಿಲ್ಲ. ನಿಜವಾದ ಮಂಗಳಯಾನಗಳಿಗೂ ಆ ದಿನಗಳಲ್ಲಿ ಆದೇಶ ಕಳಿಸೋದನ್ನ ನಿಲ್ಲಿಸ್ತಾರೆ. ಅದು ನಿಮ್ಮ 7ನೇ ಕಂತು.

ಇದು ಕೆಡೋದು ಎಡಿಟಿಂಗ್‌ನಲ್ಲಿ. ತಾಯಿಯ ಮುಖ, ಮಗಳ ಮುಖ ಅಂತ ಒಂದರ ಹಿಂದೊಂದು ಜೋಡಿಸಿದರೆ ಫೋನ್ ಮಾತುಕತೆ ಆಗಿಬಿಡುತ್ತೆ, 20 ನಿಮಿಷದ ವಿಳಂಬ ಯಾರಿಗೂ ತಟ್ಟೋಲ್ಲ. ಕಳಿಸಿದವರ ಜೊತೆಗೇ ಕ್ಯಾಮೆರಾ ಉಳಿಯಲಿ. ಸಂದೇಶಗಳು ದಾರಿಯಲ್ಲಿ ಒಂದನ್ನೊಂದು ದಾಟಲಿ: ಮಗಳು ‘ಇನ್ನು ನನ್ನನ್ನ ಮಾತಾಡಿಸಬೇಡ’ ಅಂತ ಕಳಿಸಿ 10 ನಿಮಿಷಕ್ಕೆ ಅಮ್ಮನ ಕ್ಷಮೆ ಬಂದು ಮುಟ್ಟುತ್ತೆ. ಅದು ಅಲ್ಲಿಂದ ಹೊರಟಾಗ ಅಮ್ಮನಿಗೆ ಈ ಸಿಟ್ಟು ಗೊತ್ತೇ ಇಲ್ಲ. ಮಗಳು ಕಳಿಸಿದ್ದು ಇನ್ನೂ ದಾರಿಯಲ್ಲೇ ಇದೆ, ಹಿಂದಕ್ಕೆ ಕರೆಸೋ ಹಾಗಿಲ್ಲ. ಈ ಜಗಳ ಬೇರೆ ಯಾವ ಮನೆಯಲ್ಲಿ ನಡೆಯುತ್ತೆ ಹೇಳಿ.

ಕತ್ತರಿ:
4–5ಕ್ಕೆ ಮೇಲಿನದು ಸಾಕು. ಮೊದಲೆರಡರ ‘ಪಾಠ’ಕ್ಕೆ ಬೇರೆ ಮದ್ದು. ತಾಂತ್ರಿಕ ಪದ ಇರುವ ಕಡೆಯೆಲ್ಲ ‘ಟೆಕ್’ ಅಂತ ಹಾಕಿ ಓದಿ ನೋಡಿ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಚಿತ್ರಕಥೆಗಳಲ್ಲಿ ಹಾಗೇ ಬರೆದಿಟ್ಟು, ಪದಗಳನ್ನ ಆಮೇಲೆ ಸಲಹೆಗಾರರಿಂದ ತುಂಬಿಸ್ತಿದ್ದ ಪದ್ಧತಿಯ ಬಗ್ಗೆ ಅದರ ಬರಹಗಾರ ರೊನಾಲ್ಡ್ ಡಿ. ಮೂರ್ ಹೇಳಿದ್ದಾರೆ. ಅಭ್ಯಾಸವಾಗಿ ಅದು ಕೆಟ್ಟದ್ದು, ಪರೀಕ್ಷೆಯಾಗಿ ಬಲು ಒಳ್ಳೇದು. ‘ಟೆಕ್ ಕೆಟ್ಟಿದೆ, ಇಬ್ಬರು ಹೊರಗೆ ಹೋಗಬೇಕು, ಯಾರು ಹೋಗ್ತೀರಿ?’ ಇದು ನಿಲ್ಲುತ್ತೆ. ‘ಟೆಕ್‌ಗೆ ಟೆಕ್ ಜೋಡಿಸಿದೆ, ಸರಿಹೋಯ್ತು’ ಇದು ದೃಶ್ಯವೇ ಅಲ್ಲ, ಯಾರೂ ಏನೂ ಕಳಕೊಂಡಿಲ್ಲ.

ಇನ್ನು ಅಂಕಿಗಳು. ಲೆಕ್ಕ ನೀವು ಪೂರ್ತಿ ಹಾಕಿ, ನೋಡುಗರಿಗೆ ಒಂದೇ ಅಂಕಿ ಕೊಡಿ. ಒಬ್ಬರಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು, ಐವರಿಗೆ 4.2. ಕೆಟ್ಟ ಘಟಕ 3 ಕಿಲೋ ಮಾತ್ರ ಕೊಡುತ್ತೆ ಅಂತಿಟ್ಟುಕೊಳ್ಳಿ, ದಿನಕ್ಕೆ 1.2 ಕೊರತೆ. ಟ್ಯಾಂಕಿನಲ್ಲಿ 36 ಕಿಲೋ ಇದ್ದರೆ 30 ದಿನ. ಬಾಯಲ್ಲಿ ಬರಬೇಕಾದ್ದು ‘30 ದಿನ’ ಅಷ್ಟೇ. ಈಗ ನೋಡಿ: ನಾಲ್ವರೇ ಇದ್ದರೆ ಬೇಕಾದ್ದು 3.36, ಕೊರತೆ 0.36, ಅದೇ ಟ್ಯಾಂಕ್ 100 ದಿನ ಬರುತ್ತೆ. ಇದನ್ನ ಯಾರೂ ವಿವರಿಸಬಾರದು. ಒಬ್ಬರ ನೋಟ್‌ಬುಕ್ಕಿನಲ್ಲಿ ಗೀಚಿದ ‘100’ ಇನ್ನೊಬ್ಬರ ಕಣ್ಣಿಗೆ ಬೀಳಲಿ, ಆಮೇಲೆ ಐವರೂ ಒಟ್ಟಿಗೆ ಊಟಕ್ಕೆ ಕೂರಲಿ.

ಒಂದು ತೊಡಕು: 30 ದಿನದ ಗಡುವು, 13 ತಿಂಗಳ ಹರವು ಒಂದಕ್ಕೊಂದು ಹೊಂದೋಲ್ಲ. ಘಟಕ ಹೀಗೆ 3 ಕಿಲೋಗೆ ಇಳಿಯೋದು 6ರಲ್ಲೇ ಆಗಬೇಕು. 1ರಲ್ಲಿ ಫಿಲ್ಟರ್‌ಗೆ ಧೂಳು ಕಟ್ಟೋದು ಕಾಣಿಸಿದರೆ ಸಾಕು.

ಅಡಿಟಿಪ್ಪಣಿ:
ಎಲ್ಲಾ ದೃಶ್ಯಕ್ಕೂ ವಿಜ್ಞಾನ ಅಂಟಿಸೋಕೆ ಹೋಗಬೇಡಿ, ಕಂತಿಗೆ ಎರಡು ಮೂರು ದೃಶ್ಯ ಸುಮ್ಮನೆ ಜನರದ್ದಾಗಿರಲಿ. ಎಲ್ಲಾ ನಿಯಮಕ್ಕೂ ಕಾರಣ ಹೇಳಬೇಕಾಗಿಯೂ ಇಲ್ಲ. ಇದೇ ಮೂರ್ ಬರೆದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ‘33’ ಕಂತಿನಲ್ಲಿ ಶತ್ರುಗಳು 33 ನಿಮಿಷಕ್ಕೊಮ್ಮೆ ಎರಗ್ತಾರೆ, ಐದು ದಿನದಿಂದ ಹಡಗಿನವರಿಗೆ ನೆಟ್ಟಗೆ ನಿದ್ದೆಯಿಲ್ಲ. 33 ಯಾಕೆ ಅಂತ ಆ ಕಂತು ಹೇಳೋದೇ ಇಲ್ಲ. ನಿದ್ದೆಗೆಟ್ಟವರು ಏನೇನು ತಪ್ಪು ಮಾಡ್ತಾರೆ ಅನ್ನೋದೇ ಕಥೆ. ಆದರೆ ನಿಯಮ 33 ಅಂದಮೇಲೆ 33, ಅನುಕೂಲಕ್ಕೆ ತಕ್ಕ ಹಾಗೆ 40 ಮಾಡೋ ಹಾಗಿಲ್ಲ.

ಖಾಲಿಹಾಳೆ:
7ರಲ್ಲಿ ಸಂಪರ್ಕವೇ ಇಲ್ಲ ಅಂದರೆ ಮಗಳ ಕಡೆ ಏನು ತೋರಿಸೋದು?

ಮೂರನೇ ಅಂಕ:
ಕೊನೇ ಸಂದೇಶ ಅರ್ಧಕ್ಕೇ ತುಂಡಾಗಿ ಬಂದಿರಲಿ. ಆ ಅರ್ಧವನ್ನ ನಂಬಿ ಆಕೆ ಒಂದು ತೀರ್ಮಾನ ಮಾಡಿಬಿಡಲಿ. 8ರಲ್ಲಿ ಉಳಿದರ್ಧ ಬಂದಾಗ ಅರ್ಥ ತಿರುಗಲಿ. ಜೊತೆಗೆ, ಸೂರ್ಯನನ್ನ ಸುತ್ತಿಬಳಸಿ ಸಂದೇಶ ದಾಟಿಸುವ ರಿಲೇ ಉಪಗ್ರಹ ಯಾಕಿಲ್ಲ ಅಂತ ಯಾರಾದರೂ ಕೇಳೇ ಕೇಳ್ತಾರೆ. ಅದಕ್ಕೆ ದುಡ್ಡು ಕೊಡದೆ ಕೈಬಿಟ್ಟರು ಅನ್ನೋದನ್ನ 2ರಲ್ಲೇ, ಬೇರೆ ಮಾತಿನ ನಡುವೆ ತೇಲಿಸಿಬಿಡಿ. 7ರಲ್ಲಿ ಹೇಳಿದರೆ ನೆಪ ಅನ್ನಿಸುತ್ತೆ. ಕೈಬಿಡೋಣ ಅಂತ ಸಹಿ ಹಾಕಿದವರಲ್ಲಿ ತಾಯಿಯೂ ಒಬ್ಬಳಾದರೆ ಇನ್ನೂ ಒಳ್ಳೇದು.