ವೋಲ್ಖೋವ್ ನದಿ ಹಿಂದಕ್ಕೆ ಹರಿದದ್ದು ನಿಜವೇ?

ಪ್ರಶ್ನೆ: ಶ್ರೀರಂಗಪಟ್ಟಣದ ಓದುಗ
1063ರಲ್ಲಿ ರಷ್ಯಾದ ವೋಲ್ಖೋವ್ ನದಿ ಐದು ದಿನ ಹಿಮ್ಮುಖವಾಗಿ ಹರಿಯಿತು, ಅದು ಅಪಶಕುನವಾಗಿತ್ತು ಎಂದು ನೊವ್‌ಗೊರೊದ್ ನಗರದ ಹಳೆಯ ವೃತ್ತಾಂತ ಹೇಳುತ್ತದೆ. ಕಾವೇರಿ ತುಂಬಿ ಬಂದಾಗ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಮುಳುಗಿಸಿ ನುಗ್ಗುವುದನ್ನು ನೋಡುತ್ತಲೇ ಬೆಳೆದವನು ನಾನು. ಹೊಳೆಯೊಂದು ತಿರುಗಿ ಹರಿಯಿತೆಂದರೆ ನಂಬಲಾಗುತ್ತಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಭೂಗೋಳ ಶಿಕ್ಷಕ, ಮೈಸೂರು
ನಂಬಬಹುದು ಸ್ವಾಮಿ. ಇಲ್ಮೆನ್ ಸರೋವರದಿಂದ ಹೊರಟು ಲಡೋಗಾ ಸರೋವರವನ್ನು ಸೇರುವ ಈ ನದಿಯ ಉದ್ದ 224 ಕಿ.ಮೀ., ಒಟ್ಟು ಇಳಿತವೋ ಸುಮಾರು 13 ಮೀಟರ್ ಮಾತ್ರ. ಅದರಲ್ಲೂ ಬಹುಪಾಲು ಕೆಳಭಾಗದ ಬಂಡೆಗಳ ನಡುವೆಯೇ ಮುಗಿಯುತ್ತಿದ್ದುದರಿಂದ, ನೊವ್‌ಗೊರೊದ್ ಬಳಿ ನೀರು ಹೆಚ್ಚುಕಡಿಮೆ ಕೆರೆಯಂತೆ ನಿಂತಿರುತ್ತದೆ. ಇಲ್ಮೆನ್‌ನಲ್ಲಿ ನೀರು ತಗ್ಗಿರುವಾಗ ಕೆಳಗಿನ ಉಪನದಿಗಳು ಉಕ್ಕಿದರೆ, ಆ ನೀರು ಸರೋವರದ ಕಡೆಗೇ ತಿರುಗುತ್ತದೆ. ಶಿವನಸಮುದ್ರದಲ್ಲಿ ಧುಮುಕುವ ನಮ್ಮ ಕಾವೇರಿಯ ಅಳತೆಗೋಲು ಇಲ್ಲಿ ಹೊಂದದು. ಅಂದಹಾಗೆ, ಆ ಬಂಡೆಗಳು ಈಗ 1926ರ ಜಲವಿದ್ಯುತ್ ಅಣೆಕಟ್ಟಿನ ಹಿನ್ನೀರಿನಲ್ಲಿವೆ.

ಉತ್ತರ: ಇತಿಹಾಸ ವಿದ್ಯಾರ್ಥಿನಿ, ಮಂಡ್ಯ
ಮೇಷ್ಟ್ರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಆ ಬಂಡೆಗಳಿಂದಾಗಿಯೇ ಸಮುದ್ರದ ದೊಡ್ಡ ಹಡಗುಗಳ ಸರಕನ್ನು ನದಿಯ ದೋಣಿಗಳಿಗೆ ಇಳಿಸಿ ಸಾಗಿಸಬೇಕಾಗಿತ್ತು. ತುಪ್ಪುಳುಚರ್ಮ ಮತ್ತು ಜೇನುಮೇಣದ ವ್ಯಾಪಾರದಲ್ಲಿ ನೊವ್‌ಗೊರೊದ್ ಸಿರಿವಂತವಾದದ್ದು ಈ ಜಲಮಾರ್ಗದಿಂದ. ನಗರವೂ ನದಿಯ ಎರಡು ದಡಗಳಲ್ಲಿ ಹಂಚಿಹೋಗಿತ್ತು: ಒಂದು ಕಡೆ ಸಂತ ಸೋಫಿಯಾ ದೇವಾಲಯ, ಎದುರಿಗೆ ಸಂತೆ. ಎರಡು ದಡದವರೂ ಆಗಾಗ ನಡುವಿನ ಸೇತುವೆಯ ಮೇಲೆ ಹೊಡೆದಾಡುತ್ತಿದ್ದರು. ಅದಕ್ಕೊಂದು ಕಥೆಯೂ ಇದೆ: ಕ್ರೈಸ್ತಮತ ಬಂದಾಗ ಹೊಳೆಗೆ ಎಸೆಯಲಾದ ಪೆರುನ್ ದೇವರ ವಿಗ್ರಹವು ಸೇತುವೆಯಡಿ ತೇಲಿಹೋಗುವಾಗ ತನ್ನ ದೊಣ್ಣೆಯನ್ನು ಮೇಲಕ್ಕೆಸೆಯಿತಂತೆ, ಜಗಳ ಅಂದಿನಿಂದ ನಿಂತಿಲ್ಲವಂತೆ! ನನಗೆ ಇದು ಜಗಳಗಂಟರು ತಮಗಾಗಿ ಕಟ್ಟಿಕೊಂಡ ನೆಪದಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಅಪಶಕುನದ ಮಾತು ಬರೆದವರ ಕಲ್ಪನೆಯೇ?

ಉತ್ತರ: ಇತಿಹಾಸ ವಿದ್ಯಾರ್ಥಿನಿ, ಮಂಡ್ಯ
ಮುಂದೆ ನಾಲ್ಕನೆಯ ವರ್ಷದಲ್ಲಿ ಪೊಲೊತ್ಸ್ಕ್‌ನ ರಾಜ ವ್ಸೆಸ್ಲಾವ್ ನಗರಕ್ಕೆ ಬೆಂಕಿಯಿಟ್ಟನೆಂದು ಅದೇ ವೃತ್ತಾಂತಕಾರರು ಬರೆದಿದ್ದಾರೆ. ಎಂದರೆ ಊರು ಸುಟ್ಟ ಮೇಲೆಯೇ ಅವರಿಗೆ ನದಿ ತಿರುಗಿದ್ದರ ಅರ್ಥ ಹೊಳೆದದ್ದು.