ಪ್ರಶ್ನೋತ್ತರ: ಇ-ಕಲಿಕೆಯ ಪಾಠಕ್ಕೆ ಬೇಕಾದ ಚಿತ್ರಗಳನ್ನು ಪವರ್‌ಪಾಯಿಂಟ್‌ನಲ್ಲೇ ಬರೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಿದ್ಧ ಉಡುಪು ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿದ್ದೇನೆ. ಹೊಸದಾಗಿ ಸೇರುವ ಟೈಲರ್‌ಗಳಿಗೂ ಹೆಲ್ಪರ್‌ಗಳಿಗೂ ಬೆಂಕಿ ಆರಿಸುವ ಸಿಲಿಂಡರನ್ನು ಬಳಸುವ ಕ್ರಮ ಕಲಿಸುವ ಸಣ್ಣ ಇ-ಕಲಿಕೆ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಂತರ್ಜಾಲದಲ್ಲಿ ಸಿಗುವ ಚಿತ್ರಗಳು ಒಂದೊಂದು ಒಂದೊಂದು ಶೈಲಿಯಲ್ಲಿವೆ, ನಮ್ಮ ಸಿಲಿಂಡರನ್ನು ಹೋಲುವುದೂ ಇಲ್ಲ. ಚಿತ್ರ ಬರೆಯಲು ನಮ್ಮಲ್ಲಿ ಪ್ರತ್ಯೇಕ ಡಿಸೈನರ್ ಇಲ್ಲ. ಪವರ್‌ಪಾಯಿಂಟ್ ಒಂದರಿಂದಲೇ ಇದು ಸಾಧ್ಯವೇ?

ಉತ್ತರ: ನಮಸ್ಕಾರ ಸರ್. ಖಂಡಿತ ಸಾಧ್ಯ, ಮತ್ತು ನಿಮ್ಮ ಸಂದರ್ಭದಲ್ಲಿ ಅದೇ ಉತ್ತಮ ದಾರಿ. ಗೋಡೆಯ ಮೇಲಿರುವ ಸಿಲಿಂಡರ್ ಒಂದು ಬಗೆಯದಾಗಿ ಪರದೆಯ ಮೇಲಿನದು ಇನ್ನೊಂದು ಬಗೆಯದಾದರೆ, ಗಾಬರಿಯ ಹೊತ್ತಿನಲ್ಲಿ ಕೆಲಸಗಾರರ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುವುದಿಲ್ಲ.

ಮೊದಲು ನಿಮ್ಮ ಸಿಲಿಂಡರಿನ ಫೋಟೋವೊಂದನ್ನು ನೇರವಾಗಿ ಎದುರಿನಿಂದ ತೆಗೆದು ಸ್ಲೈಡಿನಲ್ಲಿರಿಸಿ, ಅದರ ಮೇಲೆಯೇ ಆಕೃತಿಗಳನ್ನು ಕೂರಿಸುತ್ತಾ ಹೋಗಿ. ಮೂಲೆ ದುಂಡಾದ ಆಯತವನ್ನು ಎಳೆದು, ಅದರ ಹಳದಿ ಚುಕ್ಕೆಯನ್ನು ಸರಿಸಿದರೆ ಸಿಲಿಂಡರಿನ ಒಡಲು ಸಿದ್ಧವಾಗುತ್ತದೆ. ಕುತ್ತಿಗೆಗೆ ಸಣ್ಣ ಆಯತ, ಪಿನ್ನಿನ ಬಳೆಗೆ ಡೋನಟ್ ಆಕೃತಿ, ರಬ್ಬರ್ ಪೈಪಿಗೆ ದಪ್ಪ ಗೆರೆಯ ಕರ್ವ್ ಸಾಕು. ಒಡಲು ಮತ್ತು ಕುತ್ತಿಗೆಯನ್ನು ಒಟ್ಟಿಗೆ ಆರಿಸಿ, ಶೇಪ್ ಫಾರ್ಮ್ಯಾಟ್ ಟ್ಯಾಬಿನ ಮರ್ಜ್ ಶೇಪ್ಸ್‌ನಲ್ಲಿ ಯೂನಿಯನ್ ಒತ್ತಿದರೆ ಎರಡೂ ಒಂದಾಗುತ್ತವೆ. ಹಿಡಿಕೆಯಲ್ಲಿ ತೂತು ಬೇಕಾದರೆ ಸಬ್‌ಟ್ರ್ಯಾಕ್ಟ್ ಬಳಸಿ. ಇಲ್ಲಿ ಉಳಿಯಬೇಕಾದ ಆಕೃತಿಯನ್ನು ಮೊದಲು, ಕತ್ತರಿಸುವ ಆಕೃತಿಯನ್ನು ಆಮೇಲೆ ಆರಿಸಬೇಕು. ಅಂಚು ಇನ್ನೂ ಹೊಂದದಿದ್ದರೆ ಎಡಿಟ್ ಪಾಯಿಂಟ್ಸ್‌ನಿಂದ ತಿದ್ದಬಹುದು.

ಆದರೆ ಎಲ್ಲವನ್ನೂ ಒಂದೇ ಆಕೃತಿಯಾಗಿ ಬೆಸೆಯಬೇಡಿ. ಪಿನ್ ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿಯಿಡುವುದು, ಹಿಡಿಕೆ ಒತ್ತುವುದು, ಅತ್ತಿತ್ತ ಬೀಸುವುದು ಎಂಬ ನಾಲ್ಕು ಹಂತಗಳಲ್ಲಿ ಚಲಿಸುವ ಭಾಗಗಳು ಬಿಡಿಯಾಗಿಯೇ ಉಳಿಯಬೇಕು. ಆಗ ಒಂದೇ ಚಿತ್ರವನ್ನು ಕಂಟ್ರೋಲ್ ಡಿ ಒತ್ತಿ ನಕಲು ಮಾಡಿ, ಬೇಕಾದ ಭಾಗವನ್ನಷ್ಟೇ ಸರಿಸಿ ನಾಲ್ಕು ಚಿತ್ರಗಳನ್ನು ಪಡೆಯಬಹುದು. ಸೆಲೆಕ್ಷನ್ ಪೇನ್ ತೆರೆದು ಪ್ರತಿ ಭಾಗಕ್ಕೂ ಹೆಸರು ಕೊಟ್ಟಿಟ್ಟರೆ, ಆರು ತಿಂಗಳ ನಂತರ ಕಡತ ತೆರೆಯುವವರಿಗೂ ಗೊಂದಲವಿರುವುದಿಲ್ಲ.

ಬಣ್ಣದಲ್ಲಿ ಸಂಯಮವಿರಲಿ. ಆ ಹಂತದಲ್ಲಿ ಕೈ ಹಾಕಬೇಕಾದ ಭಾಗಕ್ಕೆ ಮಾತ್ರ ಗಾಢ ಬಣ್ಣ ಕೊಟ್ಟು, ಉಳಿದದ್ದನ್ನು ಬೂದು ಛಾಯೆಯಲ್ಲಿಡಿ. ಪಾಠಕ್ಕೆ ಸಂಬಂಧವಿಲ್ಲದ ಅಲಂಕಾರವನ್ನು ತೆಗೆದಷ್ಟೂ ಕಲಿಕೆ ಸುಧಾರಿಸುತ್ತದೆ ಎಂಬುದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ತತ್ವಗಳಲ್ಲೊಂದು. ಬಳಸುವ ಬಣ್ಣಗಳನ್ನು ಥೀಮ್ ಬಣ್ಣಗಳಾಗಿಯೇ ನಿಗದಿಮಾಡಿದರೆ, ಮುಂದೆ ಬದಲಿಸಬೇಕಾದಾಗ ಎಲ್ಲ ಚಿತ್ರಗಳೂ ಒಟ್ಟಿಗೆ ಬದಲಾಗುತ್ತವೆ.

ಮರುಪ್ರಶ್ನೆ: ತುಂಬಾ ಧನ್ಯವಾದಗಳು ಮೇಡಂ. ಸ್ಲೈಡನ್ನು ಪಿಎನ್‌ಜಿಯಾಗಿ ಉಳಿಸಿದರೆ ದೊಡ್ಡ ಪರದೆಯಲ್ಲಿ ಚಿತ್ರ ಮಸುಕಾಗುತ್ತದೆ. ಇದೇ ಪಾಠ ಹಿಂದಿಯಲ್ಲೂ ಬೇಕಾಗಿದೆ. ಏನು ಮಾಡಲಿ?

ಉತ್ತರ: ವಿಂಡೋಸ್‌ನಲ್ಲಿ ಪವರ್‌ಪಾಯಿಂಟ್ ಸಾಮಾನ್ಯವಾಗಿ ಪ್ರತಿ ಇಂಚಿಗೆ 96 ಚುಕ್ಕೆಗಳಂತೆ ಚಿತ್ರ ಉಳಿಸುವುದರಿಂದ, 13.33 ಇಂಚು ಅಗಲದ ಸ್ಲೈಡಿಗೆ 1280 × 720 ಪಿಕ್ಸೆಲ್ ಮಾತ್ರ ಸಿಗುತ್ತದೆ. ಚಿತ್ರ ಬರೆಯುವ ಮೊದಲೇ ಸ್ಲೈಡಿನ ಅಳತೆಯನ್ನು 20 × 11.25 ಇಂಚಿಗೆ ಬದಲಿಸಿಕೊಂಡರೆ 1920 × 1080 ದೊರೆಯುತ್ತದೆ. ನಿಮ್ಮ ಪಾಠ ತಯಾರಿಸುವ ತಂತ್ರಾಂಶ ಎಸ್‌ವಿಜಿಯನ್ನು, ಅಂದರೆ ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ಆಕೃತಿಗಳಾಗಿಯೇ ಉಳಿಸುವ ಕಡತವನ್ನು, ಸ್ವೀಕರಿಸುವುದಾದರೆ ಅದನ್ನೇ ಬಳಸಿ. ಎಷ್ಟು ಹಿಗ್ಗಿಸಿದರೂ ಅಂಚುಗಳು ಸ್ಪಷ್ಟವಾಗಿಯೇ ಇರುತ್ತವೆ.

ಎರಡು ಭಾಷೆಗಳಿರುವುದರಿಂದ ಚಿತ್ರದೊಳಗೆ ಅಕ್ಷರಗಳನ್ನು ಬರೆಯಬೇಡಿ. ಬಾಣದ ಗುರುತನ್ನಷ್ಟೇ ಚಿತ್ರದಲ್ಲಿಟ್ಟು, ಪದಗಳನ್ನು ಪಾಠದ ತಂತ್ರಾಂಶದಲ್ಲಿ ಅದರ ಪಕ್ಕದಲ್ಲೇ ಸೇರಿಸಿ. ಕನ್ನಡದ ಸಾಲುಗಳ ನಡುವೆ ಅಂತರವನ್ನು ತುಸು ಹೆಚ್ಚಾಗಿಯೇ ಇಡಿ. ಇಲ್ಲವಾದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗಿ ಓದುವುದು ಕಷ್ಟವಾಗುತ್ತದೆ. ಪಾಠವನ್ನು ಬಿಡುಗಡೆ ಮಾಡುವ ಮುನ್ನ ಪದಗಳನ್ನೆಲ್ಲ ಮರೆಮಾಡಿ, ನಾಲ್ಕು ಚಿತ್ರಗಳನ್ನಷ್ಟೇ ಒಬ್ಬಿಬ್ಬರು ಟೈಲರ್‌ಗಳಿಗೆ ತೋರಿಸಿ, ಏನು ಮಾಡಬೇಕೆಂದು ಅವರಿಂದಲೇ ಹೇಳಿಸಿ. ಅವರು ಯಾವ ಚಿತ್ರದಲ್ಲಿ ತಡವರಿಸುತ್ತಾರೋ ಅದನ್ನು ಮತ್ತೆ ಬರೆಯಿರಿ.